ಗಿಡದ ಪಾಲಿನ ಪತಂಗ

ಗುಲ್ಬರ್ಗಾದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಆರೂವರೆಯ ಬಸ್ಸು ಏಳೂಕಾಲಿಗೆ ಹೊರಟಿತು. ಎಪ್ಪತ್ತರ ದಶಕದ ಒಂದು ಜೂನ್ ತಿಂಗಳು. ಮಿರಗದ ಮಳೆ ಎರಡು ಸಲ ಬಿದ್ದು ನೆಲ ಮೆತ್ತಗಾಗಿತ್ತು. ನನ್ನ ಕೈಯಲ್ಲಿ ಮೂರು ದಿನದ ರಜೆ. ಚೀಲದಲ್ಲಿ ಒಂದು ಭೂತಗನ್ನಡಿ, ಹುಳ ಕೊಲ್ಲುವ ಔಷಧಿ ಹಾಕಿದ ಅಗಲ ಬಾಯಿಯ ಬಾಟಲಿ, ಮತ್ತು ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಪತಂಗ ಹಿಡಿಯಲು ಹೋಗುತ್ತೇನೆಂದು ಹೆಡ್‌ಮಾಸ್ತರರಿಗೆ ಹೇಳುವ ಧೈರ್ಯವಾಗದೆ ಅರ್ಜಿಯಲ್ಲಿ ‘ಮನೆ ಕೆಲಸ’ ಎಂದು ಬರೆದಿದ್ದೆ.

ಕಾರಣ ಇಷ್ಟು. ಎರಡು ವರ್ಷದ ಹಿಂದೆ ಶಾಲೆಯ ಪ್ರವಾಸದಲ್ಲಿ ಬಸವಕಲ್ಯಾಣದ ಕೋಟೆ ಗೋಡೆಯ ಮೇಲೆ ಅಂಗೈಗಿಂತ ದೊಡ್ಡದೊಂದು ಪತಂಗ ಕಂಡಿದ್ದೆ. ನಾಲ್ಕೂ ರೆಕ್ಕೆಗಳಲ್ಲಿ ಒಂದೊಂದು ದುಂಡು ಕಿಟಕಿ, ಆಚೆಯ ಕಲ್ಲು ಕಾಣುವಷ್ಟು ತಿಳಿ. ಕಾಡು ರೇಷ್ಮೆ ಕೊಡುವ ಟಸ್ಸಾರ್ ಪತಂಗ ಅದು. ಚಿತ್ರ ಬರೆದು, ವಿವರ ಸೇರಿಸಿ, ದೂರದ ನಗರದ ಒಂದು ವಸ್ತುಸಂಗ್ರಹಾಲಯಕ್ಕೆ ಕಳಿಸಿದೆ. ಉತ್ತರ ಬಂತು: ಬೀದರ ಜಿಲ್ಲೆಯಲ್ಲಿ ಇದು ಇರುವ ದಾಖಲೆ ತಮ್ಮಲ್ಲಿಲ್ಲ, ಚಿತ್ರವೊಂದೇ ಸಾಲದು, ಕಂಡವರು ಶಾಲಾ ಮಾಸ್ತರರಾದ್ದರಿಂದ ತಪ್ಪು ತಿಳಿದಿರಬಹುದು. ನಾನು ತಪ್ಪು ತಿಳಿಯುತ್ತೇನೆಂದು ನನ್ನ ಹೆಂಡತಿ ದಿನಾ ಹೇಳುತ್ತಾಳೆ, ಅದು ನನಗೆ ರೂಢಿ. ಆದರೆ ಆ ‘ಮಾಸ್ತರರಾದ್ದರಿಂದ’ ಎಂಬ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ನಿಜವಾದ ಪತಂಗವನ್ನೇ ಕಳಿಸಬೇಕು, ಅದರ ಕೆಳಗೆ ನನ್ನ ಹೆಸರಿರಬೇಕು. ಪತಂಗದ ಪ್ರೀತಿಗಿಂತ ಹೆಸರಿನ ಹಟವೇ ನನ್ನನ್ನು ಬಸ್ಸು ಹತ್ತಿಸಿತ್ತು ಎಂದರೆ ಸುಳ್ಳಲ್ಲ.

ಹುಮನಾಬಾದಿನಲ್ಲಿ ಇಳಿದಾಗ ಒಂಬತ್ತೂವರೆ. ಬಸವಕಲ್ಯಾಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾ ಕುಡಿದು, ಹೊಲದ ಸಾಮಾನು ಮಾರುವ ಅಂಗಡಿಯ ಮುಂದೆ ಸುಮ್ಮನೆ ನಿಂತೆ. ತೂಗು ಹಾಕಿದ್ದ ಕುಡಗೋಲುಗಳ ಹಿಡಿಕೆಗೆ ಕಂದು ಬಣ್ಣದ ಪಟ್ಟಿ ಸುತ್ತಿತ್ತು. ಚರ್ಮವಲ್ಲ, ನಾರೂ ಅಲ್ಲ. ಭೂತಗನ್ನಡಿ ಹಿಡಿದೆ. ಎಳೆ ಎಳೆಯಾಗಿ ರೇಷ್ಮೆ! ಟಸ್ಸಾರ್ ಗೂಡನ್ನು ಸುರುಳಿಯಾಗಿ ಕತ್ತರಿಸಿ ಸುತ್ತಿದ್ದರು.

“ಕುಡಗೋಲಿಗೆ ಯಾರರೆ ಭಿಂಗ ಹಿಡಿದು ನೋಡ್ತಾರೇನ್ರಿ?” ಎಂದು ಅಂಗಡಿಯವರು ನಕ್ಕರು. “ಅದು ಬಸವಕಲ್ಯಾಣದ ಕಾಶಮ್ಮನ ಕೈ ಕೆಲಸ. ಹಸೀದಿದ್ದಾಗ ಸುತ್ತತಾಳ, ಒಣಗಿತಂದ್ರ ಹಿಡಿಕಿ ಸೀಳಂಗಿಲ್ಲ. ಕಬ್ಬಿಣ ಸವೀತದ, ಆ ಪಟ್ಟಿ ಸವ್ಯಂಗಿಲ್ರಿ.”

ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ರಾಜೇಶ್ವರ ದಾಟಿ, ಬಂಗ್ಲಾ ಎಂಬ ಕೂಡುರಸ್ತೆಯಲ್ಲಿ ಹೆದ್ದಾರಿ ಬಿಟ್ಟು ಎಡಬಿಡದೆ ಕುಲುಕುವ ರಸ್ತೆ ಹಿಡಿದು ಬಸ್ಸು ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಮಠದ ಛತ್ರದಲ್ಲಿ ಚೀಲ ಇಟ್ಟು, ಕೇಳುತ್ತ ಕೇಳುತ್ತ ಊರ ಹೊರಗಿನ ಕುರುಚಲು ಕಾಡಿನ ಅಂಚಿಗೆ ನಡೆದೆ.

ಕಾಶಮ್ಮ ಅರವತ್ತು ದಾಟಿದ ಹೆಂಗಸು. ಕೂಲಿ ಇದ್ದಾಗ ಹೊಲಕ್ಕೆ, ಇಲ್ಲದಾಗ ಈ ಪಟ್ಟಿಯ ಕೆಲಸ. ಮನೆ ಮುಂದೆ ಒಲೆ ಹೂಡಿ, ಬೂದಿ ನೀರಿನಲ್ಲಿ ಏನನ್ನೋ ಕುದಿಸುತ್ತಿದ್ದಳು. ಬಗ್ಗಿ ನೋಡಿದೆ. ಗೂಡುಗಳು, ಒಂದು ಬುಟ್ಟಿ ತುಂಬ ಆಗುವಷ್ಟು. ಒಳಗಿನ ಜೀವ ಒಂದೂ ಉಳಿದಿರಲಾರದು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟೆ.

“ಯಾಕ್ರಿ, ಚಕ್ಕರ ಬಂತೇನು? ನೀರು ಕೊಡ್ಲೇನ್ರಿ?” ಎಂದಳು.

ವಿಷಯ ಹೇಳಿದೆ. ಅವಳಿಗೆ ಅರ್ಧ ತಿಳಿಯಿತು, ಅರ್ಧ ನಗು ಬಂತು. ಕುದಿಸದಿದ್ದರೆ ಗೂಡು ಕತ್ತರಿಗೆ ಬಗ್ಗುವುದಿಲ್ಲವಂತೆ. ಕುದಿಸದ್ದು ಒಂದಾದರೂ ಇಲ್ಲವೇ ಎಂದೆ. ಮನೆಯ ಹಿಂದಿದ್ದ ಬಾರಿ ಗಿಡದ, ಅಂದರೆ ಬೋರೆಹಣ್ಣಿನ ಗಿಡದ, ತುದಿ ಕೊಂಬೆ ತೋರಿಸಿದಳು. ತೊಟ್ಟಿಗೆ ತೂಗುವ ಕಾಯಿಯಂತೆ ಒಂದು ಗೂಡು. ನಾನು ಕೈ ಚಾಚುವಷ್ಟರಲ್ಲಿ ಅವಳ ದನಿ ಗಡುಸಾಯಿತು.

“ಅದು ಗಿಡದ ಪಾಲ್ರಿ. ಮುಟ್ಟಬ್ಯಾಡ್ರಿ.”

ಪ್ರತಿ ಗಿಡಕ್ಕೂ ಒಂದು ಗೂಡು ಬಿಡುವುದು ಅವಳ ತಾಯಿಯ ಕಾಲದ ಕಟ್ಟಳೆ. ಕೆಲವು ದಿನ ಬಿಟ್ಟು ನೋಡಿದರೆ ಗೂಡಿಗೆ ತೂತು ಬಿದ್ದು ಒಳಗೆ ಬರಿದು. ಗಿಡ ತನ್ನ ಪಾಲು ತಿಂದಿತು ಎಂದು ತಾಯಿ ಹೇಳಿದ್ದಳು, ಮಗಳು ನಂಬಿದ್ದಳು. ಸಂಜೆ ಪತಂಗ ಹೊರಬೀಳುವ ಹೊತ್ತಿಗೆ ಇವರೆಲ್ಲ ಒಲೆಯ ಮುಂದೆ ಇರುತ್ತಾರೆ. ಗೂಡಿನ ಕೆಲಸದಲ್ಲೇ ತಲೆ ನರೆತ ಹೆಂಗಸು ಅದರೊಳಗಿನ ಪತಂಗವನ್ನು ಕಂಡೇ ಇರಲಿಲ್ಲ! ಪಾಠ ಹೇಳಲು ಬಾಯಿ ತೆರೆದೆ. ಮಾಸ್ತರಿಕೆಯ ಚಟ.

“ಗಿಡ ತಿನ್ನಂಗಿಲ್ಲ ಆಯಿ, ಅದರಿಂದ ರೆಕ್ಕೆ ಇದ್ದ ಹುಳ ಹೊರಗ ಬರ್ತದ.”

“ತೋರಸ್ರಿ ಹಂಗಾರ,” ಎಂದಳು. “ಆದರ ಕೀಳಬ್ಯಾಡ್ರಿ. ಕುಂತು ನೋಡ್ರಿ.”

ಎರಡನೆಯ ದಿನವೆಲ್ಲ ಗಿಡದ ಬುಡದಲ್ಲಿ ಕುಳಿತೆ. ಬಿಸಿಲು, ಮೋಡ, ಒಂದಿಷ್ಟು ಜಿಟಿಜಿಟಿ ಮಳೆ. ಹೋಗಿ ಬರುವವರಿಗೆಲ್ಲ ನಾನು ಪುಕ್ಕಟೆ ತಮಾಷೆ. ಮಧ್ಯಾಹ್ನ ಕಾಶಮ್ಮ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟಳು. ಬೇಡವೆಂದಿದ್ದಕ್ಕೆ, “ಹಸದ ಮಂದಿ ಕಣ್ಣು ನೆಟ್ಟಗ ಕಾಣಂಗಿಲ್ರಿ,” ಎಂದು ಗದರಿದಳು. ಅಂಥ ಪುಂಡಿಪಲ್ಯ ನಾನು ಈವರೆಗೆ ತಿಂದಿಲ್ಲ. ಮನೆಯಲ್ಲಿ ಇದನ್ನು ಓದಿದರೆ ನನ್ನ ಗತಿ ಏನೋ.

ಹೊತ್ತು ಮುಳುಗುವಾಗ ಗೂಡಿನ ತುದಿ ಒದ್ದೆಯಾಯಿತು. ನಾನು ಕಾಶಮ್ಮನನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ತುದಿ ಸಡಿಲವಾಗಿ ಮೊದಲು ತಲೆ, ಆಮೇಲೆ ಕಾಲು, ಆಮೇಲೆ ಮುದುಡಿದ ಬಟ್ಟೆಯಂಥ ರೆಕ್ಕೆ. ಗೂಡಿಗೇ ಜೋತುಬಿದ್ದು ಸ್ವಲ್ಪ ಸ್ವಲ್ಪವೇ ಅರಳಿತು. ಹಳದಿ ಮೈ, ನಾಲ್ಕು ಕಿಟಕಿ. ಕಾಶಮ್ಮ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಕತ್ತು ಚಾಚಿ ನೋಡಿದಳು. “ಹೆಣ್ಣೇನ್ರಿ, ಗಂಡೇನ್ರಿ?” ಎಂದಳು.

“ಹೆಣ್ಣು. ಹೊಟ್ಟಿ ತುಂಬ ತತ್ತಿ ಅವ. ಇವತ್ತೇ ಗಂಡು ಹುಡುಕಿಕೊಂಡು ಬರಬೇಕು. ಆ ತತ್ತಿಯಿಂದಲೇ ಮುಂದಿನ ಗೂಡು.”

ಅವಳು ಕುದಿಸಿದ ಗೂಡುಗಳ ಬುಟ್ಟಿಯ ಕಡೆ ನೋಡಿದಳು, ಗಿಡದ ಕಡೆ ನೋಡಿದಳು. ಕಣ್ಣು ತುಂಬಿಕೊಂಡವು. “ನಮ್ಮವ್ವ ಬಿಟ್ಟ ಗೂಡಿನಿಂದನೇ ನಾ ಇಷ್ಟು ದಿನ ಉಂಡೇನೇನ್ರಿ?”

ಇದೇ ಗಳಿಗೆಯಲ್ಲಿ ನಾನು ಚೀಲದಿಂದ ಬಾಟಲಿ ತೆಗೆದಿದ್ದೆ. ರೆಕ್ಕೆ ಹರಿಯುವ ಮೊದಲೇ ಹಿಡಿಯಬೇಕಲ್ಲ. ಅದು ಯಾತಕ್ಕೆಂದು ಕೇಳಿದಳು, ಹೇಳಿದೆ. “ತತ್ತಿ ತುಂಬಿದಾಕೀನ ಕೊಲ್ತೀರೇನ್ರಿ ಮಾಸ್ತರ್ರೇ?” ಎಂದಳು. ಸಿಟ್ಟಿನಿಂದಲ್ಲ, ನಾನು ಅಂಥವನೆಂದು ನಂಬಲಾರದೆ. ಮಾರನೆಯ ದಿನ ನನ್ನ ರಜೆ ಮುಗಿಯುತ್ತಿತ್ತು. ಎರಡು ವರ್ಷದ ಹಟ ಕೈಗೆಟಕುವಷ್ಟು ಹತ್ತಿರ ರೆಕ್ಕೆ ಒಣಗಿಸುತ್ತಿತ್ತು. ನಾನು ಬಾಟಲಿಯನ್ನು ಚೀಲಕ್ಕೆ ಸೇರಿಸಿದೆ. ಆದರೆ ರಾತ್ರಿ ಹಲ್ಲಿಯೋ ಬಾವಲಿಯೋ ಅದನ್ನು ತಿಂದರೇನು ಎಂದು ಗಿಡದ ಬುಡ ಬಿಟ್ಟು ಏಳಲಿಲ್ಲ. “ನಾ ಅದೀನಿ, ನೀವು ಹೋಗಿ ಮಕ್ಕೋರಿ,” ಎಂದು ನನ್ನನ್ನು ಛತ್ರಕ್ಕೆ ಅಟ್ಟಿದಳು.

ಬೆಳಕು ಹರಿಯುವ ಮುಂಚೆ ಎದ್ದು ಓಡಿದೆ. ಕಾಶಮ್ಮ ಒದ್ದೆ ಕೌದಿ ಹೊದ್ದು ಗಿಡದ ಕೆಳಗೇ ಕುಳಿತಿದ್ದಳು. ಬೆರಳು ಮೇಲೆತ್ತಿದಳು. ಹೆಣ್ಣಿನ ಜೊತೆಗೆ ಇಟ್ಟಿಗೆ ಬಣ್ಣದ ಗಂಡು, ಗರಿಯಂಥ ಮೀಸೆ ಬಿಟ್ಟುಕೊಂಡು, ಬಾಲಕ್ಕೆ ಬಾಲ ಕೂಡಿಸಿ ತೂಗುತ್ತಿತ್ತು. ಎಲ್ಲಿಂದ ಬಂತೋ, ಎಷ್ಟು ದೂರದ ಕಾಡಿನಿಂದಲೋ. ನನ್ನ ಕೋಟೆ ಗೋಡೆಯ ಚಿತ್ರ ಸುಳ್ಳಲ್ಲವೆಂದು ಎರಡು ಸಾಕ್ಷಿಗಳು ಒಟ್ಟಿಗೇ ಹೇಳಿದ ಹಾಗಾಯಿತು. ನನಗೆ ಅಳು ಬಂತು, ಮುಚ್ಚಿಡುವುದೇಕೆ.

ಮಧ್ಯಾಹ್ನ ಎರಡರ ಮೇಲೆ ಅವು ಬಿಡಿಯಾದವು. ಗಂಡು ಪಕ್ಕದ ಕೊಂಬೆಗೆ ಸರಿಯಿತು. ನನ್ನ ಕಣ್ಣು ಚೀಲದ ಕಡೆ ಹೋಯಿತು. ಕಾಶಮ್ಮನೇ ಅಂದಳು: “ಇಂವ ನಮ್ಮ ಗಿಡದಾಂವಲ್ಲ, ಗಿಡದ ಪಾಲಿನ್ಯಾಗ ಬರಂಗಿಲ್ಲ. ಬಂದ ಕೆಲಸ ಮುಗಿಸ್ಯಾನ. ಒಯ್ರಿ.” ಅಷ್ಟು ಹೇಳಿ ಮುಖ ಆಚೆ ತಿರುಗಿಸಿದಳು. ನಾನು ಬಾಟಲಿಯ ಮುಚ್ಚಳ ತೆಗೆದೆ. ಗಂಡು ಪತಂಗವನ್ನು ಮೆಲ್ಲಗೆ ಒಳಗಿಳಿಸಿ ಮುಚ್ಚಿದೆ.

ನಾಲ್ಕರ ಬಸ್ಸಿಗೆ ಮುಂಚೆ ಅಲ್ಲೇ ಕಟ್ಟೆಯ ಮೇಲೆ ಕುಳಿತು, ಪತಂಗದ ಜೊತೆ ಇಡಬೇಕಾದ ಚೀಟಿ ಬರೆದೆ. ಎರಡು ಬೆರಳಗಲದ ಕಾಗದ. ಊರು, ದಿನ, ಬಾರಿ ಗಿಡ. ‘ಸಂಗ್ರಹಿಸಿದವರು’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಗೂಡು ಉಳಿಸಿದವಳು, ರಾತ್ರಿಯೆಲ್ಲ ಕಾದವಳು ಅವಳಿರುವಾಗ ನಾನು ಸಂಗ್ರಹಿಸಿದೆ ಎಂದು ಹೇಗೆ ಬರೆಯಲಿ? ‘ಕಾಶಮ್ಮ’ ಎಂದು ಬರೆದು ಓದಿ ಹೇಳಿದೆ.

ಅವಳು ಅಕ್ಷರದ ಮೇಲೆ ಬೆರಳಿಟ್ಟಳು. “ನಾ ಕಾಣದ ಊರಿಗೆ ನನ್ನ ಹೆಸರು ಹೊಂಟದೇನ್ರಿ? ಹಂಗಾರ ನಮ್ಮವ್ವಂದೂ ಬರೀರಿ. ತುಳಜಮ್ಮ. ಬಿಡೋದು ಕಲಿಸಿದಾಕಿ ಆಕೀನೇ.”

ಬರೆದೆ. “ನಿಮ್ಮ ಹೆಸರು ಎಲ್ಲಿ ಅದ್ರಿ?” ಎಂದು ಕೇಳಿದಳು.

ಚೀಟಿ ತುಂಬಿಹೋಗಿತ್ತು. “ಜಾಗ ಉಳೀಲಿಲ್ಲ ಆಯಿ,” ಎಂದೆ. ಹಾಗೆ ಹೇಳುವಾಗ ಮನಸ್ಸಿನಲ್ಲಿ ಬೇಸರವಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ.

ದಾರಿಯ ತಿರುವಿನಲ್ಲಿ ಹಿಂದಿರುಗಿ ಕೈ ಎತ್ತಿದೆ. ಕಾಶಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಗಿಡದ ಕೆಳಗೆ ತಲೆ ಎತ್ತಿ ನಿಂತು, ತತ್ತಿ ಇಡಲು ಜಾಗ ಹುಡುಕುತ್ತಿದ್ದ ಆ ಹೆಣ್ಣಿಗೆ ಏನೋ ಹೇಳುತ್ತಿದ್ದಳು.