ಗಾಡಿಯ ಮಾತು ಕೇಳದ ಭಾವ

ಕಾರು ಸ್ಟಾರ್ಟ್ ಆದ ಕೂಡಲೇ ನಮ್ಮ ಮಲ್ಲಪ್ಪ ಭಾವನ ಬೆರಳು ಸ್ಟೇರಿಂಗಿನ ಬಲಗಡೆಯ ಪುಟ್ಟ ಸ್ವಿಚ್ಚಿಗೆ ಹೋಗುತ್ತಿತ್ತು. 'ಆಫ್' ಎಂದು ತೋರಿಸುವ ಹಳದಿ ದೀಪ ಹತ್ತುವವರೆಗೂ ಒತ್ತಿ ಹಿಡಿಯುವುದು, ಸೀಟ್‌ಬೆಲ್ಟು ಆಮೇಲೆ. ಕಾರು ಜಾರತೊಡಗಿದರೆ ತಾನೇ ಎಂಜಿನ್ನಿನ ಜೋರು ತಗ್ಗಿಸಿ, ಬೇಕಾದ ಚಕ್ರಕ್ಕೆ ತಾನೇ ಬ್ರೇಕು ಹಾಕಿ ದಾರಿಗೆ ತರುವ ವ್ಯವಸ್ಥೆಯ ಸ್ವಿಚ್ಚು ಅದು. ಸ್ಟಾರ್ಟ್ ಮಾಡಿದಾಗಲೆಲ್ಲ ಅದು ತಾನಾಗಿ ಆನ್ ಆಗುತ್ತಿತ್ತು. ಭಾವ ಆಗಲೆಲ್ಲ ಆಫ್ ಮಾಡುತ್ತಿದ್ದರು, ಎದುರು ಮಾತಾಡಿದ ಮಗನ ಬಾಯಿ ಮುಚ್ಚಿಸುವಂತೆ.

"ಗಾಡಿ ನಾನ್ ಯೋಳ್ದಂಗೆ ಕೇಳ್ಬೇಕು ಕಣೋ. ಅದು ಯೋಳ್ದಂಗೆ ನಾನು ಕೇಳಕ್ಕೆ ಅದೇನು ನಿಮ್ಮಪ್ಪನಾ?" ಎಂದು ನನ್ನನ್ನು ಛೇಡಿಸುತ್ತಿದ್ದರು.

ಕಂಪಲಾಪುರದಲ್ಲಿ ಅವರದು ಗೊಬ್ಬರದ ಅಂಗಡಿ. ಹರೆಯದಿಂದಲೂ ಜೀಪು ಓಡಿಸಿದವರು. ದಾರಿಯಲ್ಲಿ ಕೈ ಅಡ್ಡ ಹಾಕಿದ ಯಾರನ್ನೂ ಬಿಟ್ಟು ಹೋದವರಲ್ಲ.

ಒಂದು ಮಳೆಗಾಲ ಹನಗೋಡಿನ ಗದ್ದೆದಾರಿಯಲ್ಲಿ ನಾನು ಓಡಿಸುತ್ತಿದ್ದಾಗ ಕಾರು ಹೂತುಕೊಂಡಿತು. ಆ ವ್ಯವಸ್ಥೆ ಆನ್ ಇದ್ದುದರಿಂದ ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ನು ಅಡಗುತ್ತಿತ್ತು. ಭಾವ ನನ್ನನ್ನು ಇಳಿಸಿ, ತಾವು ಕೂತು, ಸ್ವಿಚ್ಚು ಒತ್ತಿ ಆಫ್ ಮಾಡಿ, ಹಿಂದೆ ಮುಂದೆ ಆಡಿಸಿ ಕಾರನ್ನು ಎಬ್ಬಿಸಿಯೇಬಿಟ್ಟರು. ಅವತ್ತು ಅವರದೇ ಸರಿ.

ಟಾರು ರಸ್ತೆ ಸಿಕ್ಕಿದ ಮೇಲೆ ಹಿಂದಿನ ಸೀಟಿನಿಂದ ಅಕ್ಕ, "ಕೆಸ್ರಲ್ಲಿ ಸರಿ ಕಣ್ರೀ. ಈಗ ಆನ್ ಮಾಡ್ಬುಡಿ," ಎಂದಳು.

ಭಾವ ಕನ್ನಡಿಯಲ್ಲಿ ಅವಳನ್ನು ನೋಡಿದರು. "ಆ ಸ್ವಿಚ್ಚನ್ನ ನಂಬ್ತೀಯ, ನನ್ನ ನಂಬಾಕಿಲ್ವಾ?"

ಅಕ್ಕ ಕಿಟಕಿಯ ಕಡೆ ತಿರುಗಿದಳು.

ಮುಂದಿನ ವರ್ಷ ಬೆಟ್ಟದಪುರದ ಹತ್ತಿರ, ಜಿನುಗು ಮಳೆ. ತಿರುವಿನಲ್ಲಿ ಕರುವೊಂದು ಅಡ್ಡ ಬಂತು. ಭಾವ ಸ್ಟೇರಿಂಗ್ ಎಳೆದರು. ಕಾರಿನ ಹಿಂಭಾಗ ಗಿರ್ರನೆ ತಿರುಗಿ, ಅಕ್ಕ ಕೂತಿದ್ದ ಎಡಮಗ್ಗುಲು ಮರಕ್ಕೆ ಬಡಿಯಿತು. ಭಾವನಿಗೆ ಹಣೆ ತರಚಿತ್ತು. ಅಕ್ಕನ ಸೊಂಟ, ತೊಡೆಯ ಮೂಳೆ ಮುರಿದಿದ್ದವು. ಅವಳು ಮತ್ತೆಂದೂ ವಾಕರ್ ಇಲ್ಲದೆ ನಡೆಯಲಿಲ್ಲ.

ಆನ್ ಇದ್ದಿದ್ದರೆ ಕಾರು ರಸ್ತೆಯ ಮೇಲೇ ಉಳಿಯುತ್ತಿತ್ತೇ? ಖಂಡಿತವಾಗಿ ಹೇಳಲಾರೆ. ಆಫ್ ಆಗಿತ್ತು ಎಂಬುದಷ್ಟೇ ಖಂಡಿತ.

ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೂತೇ ಅಡುಗೆ ಮಾಡಿದಳು, ಬಡಿಸಿದಳು. ಆದರೆ ಭಾವ ಓಡಿಸುವ ಕಾರನ್ನು ಮತ್ತೆ ಹತ್ತಲಿಲ್ಲ. ಮೈಸೂರಿನ ಆಸ್ಪತ್ರೆಗೂ ಬಸ್ಸೇ. ಅವಳು ಕಂಬಿ ಹಿಡಿದು ನರಳುತ್ತ ಮೆಟ್ಟಿಲು ಹತ್ತುವಾಗ, ಭಾವ ಹಿಂದಿನಿಂದ ಅವಳ ಬೆನ್ನಿಗೆ ಕೈ ಕೊಟ್ಟು ನಿಲ್ಲುತ್ತಿದ್ದರು. ಕೆಲವು ತಿಂಗಳಿಗೆ ಕಾರು ಮಾರಿದರು.

ಹೋದ ವರ್ಷ ಭಾವ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಒಂದ್ಸಲನಾರ ಬೈದ್ಬುಡ್ಲಿ ಅಂತ ಕಾಯ್ತಾವ್ನಿ ಕಣೋ. ನೀನಾರ ಯೋಳು ಅವ್ಳಿಗೆ," ಎಂದರು.

ಅಡುಗೆಮನೆಗೆ ಹೋಗಿ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

"ಬೈದ್ರೆ ಅವ್ರಿಗೆ ಅಗುರಾಯ್ತದೆ ಕಣೋ. ನನ್ ಕಾಲಿಗೇನಾಯ್ತದೆ?"

ಅದಾದ ವಾರದೊಳಗೆ ಭಾವ ಹೋದರು, ಬೈಸಿಕೊಳ್ಳದೆಯೇ.