ಕಪಾಟಿಗೊಂದು ರೂಮ್ ನಂಬರ್

ನಮ್ಮ ಎದುರುಮನೆಯವರ ಬಲಗೈಯ ತೋರುಬೆರಳಿನ ತುದಿ ಸವೆದು ಸವೆದು ಉಳಿದ ಬೆರಳುಗಳಿಗಿಲ್ಲದ ಹೊಳಪು ಪಡೆದಿತ್ತು. ಬಾಗಿಲಿನ ಮೇಲಂಚು, ಟಿವಿಯ ಹಿಂಬದಿ, ಫ್ರಿಜ್ಜಿನ ತಲೆ, ಹೀಗೆ ಯಾರ ಕಣ್ಣೂ ಹೋಗದ ಜಾಗಗಳ ಮೇಲೆ ಆ ಬೆರಳನ್ನು ಎಳೆದು, ಬೆಳಕಿಗೆ ಹಿಡಿದು, ಧೂಳು ಕಂಡರೆ ಮಾತಿಲ್ಲದೆ ಹುಬ್ಬೇರಿಸುವುದು ಅವರ ಉದ್ಯೋಗ. ಗಲ್ಫಿನಲ್ಲಿ, ಅಲ್ ಬರ್ಷಾದ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದರು. ಡ್ಯೂಟಿ ಮುಗಿದ ಮೇಲೂ ಆ ಬೆರಳಿಗೆ ಬಿಡುವಿರಲಿಲ್ಲ ಎಂಬುದೇ ಅಲ್ ನಹ್ದಾದ ನಮ್ಮ ಬಿಲ್ಡಿಂಗಿನವರ ಗೋಳು. ಚಹಾಕ್ಕೆ ಕರೆದರೆ ಬರುವ ದಾರಿಯಲ್ಲೇ ನಮ್ಮ ಶೂ ರ‍್ಯಾಕ್ ಪರೀಕ್ಷೆ ಮುಗಿದಿರುತ್ತಿತ್ತು.

ನಮ್ಮ ಎದುರಿನ ಸ್ಟುಡಿಯೋ ಫ್ಲ್ಯಾಟಿನಲ್ಲಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಹೆಂಡತಿ, ಮಗಳು ಊರಿನಲ್ಲಿ. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು, ಅವರು ನಮ್ಮನ್ನೆಲ್ಲ ರೂಮ್ ನಂಬರಿನಿಂದ ಗುರುತಿಸುತ್ತಿದ್ದರು. ನಾನು, ನನ್ನ ಗಂಡ ಇಬ್ಬರೂ ಸೇರಿ ಒಂದೇ ‘ತ್ರೀ ನಾಟ್ ಫೋರ್’. ‘ತ್ರೀ ನಾಟ್ ಫೋರ್‌ಗೆ ನೆಗಡಿ’ ಎಂದರೆ ಯಾರಿಗೆಂದು ಮತ್ತೆ ಕೇಳಬೇಕಾಗುತ್ತಿತ್ತು.

ನಾನು ಬಸುರಿಯಾದಾಗ ಉಡುಪಿಯಿಂದ ಅಮ್ಮನ ಆಜ್ಞೆ ಬಂತು: ಹೆರಿಗೆಗೆ ಊರಿಗೆ ಬಾ. ಗಲ್ಫಿನಲ್ಲಿ ಅದು ಹೊಸ ಮಾತಲ್ಲ. ಹೆಂಡತಿ ಊರಿಗೆ ಹೋಗುತ್ತಾಳೆ, ಹೆರುತ್ತಾಳೆ, ಮಗುವಿಗೆ ಪಾಸ್‌ಪೋರ್ಟ್, ವೀಸಾ ಆಗುವಷ್ಟರಲ್ಲಿ ಅದು ಮಗುಚಿ, ತೆವಳಿ, ಅಪ್ಪನನ್ನು ಬಿಟ್ಟು ಉಳಿದ ಎಲ್ಲರನ್ನೂ ಗುರುತು ಹಿಡಿದಿರುತ್ತದೆ. ನನ್ನ ಗಂಡನಿಗೆ ಆ ತಿಂಗಳಲ್ಲಿ ರಜೆ ಸಿಗುವ ಮಾತೇ ಇರಲಿಲ್ಲ. ಮೊದಲ ದಿನವೇ ಮಗುವನ್ನು ಎತ್ತಿಕೊಳ್ಳಬೇಕು ಎಂಬುದೊಂದೇ ಅವರ ಆಸೆ. ಜಗಳ ಆಡಲು ಬಾರದ ಮನುಷ್ಯ. ಇದೊಂದನ್ನು ಮಾತ್ರ ಬಾಯಿಬಿಟ್ಟು ಕೇಳಿದ್ದರು. ನನಗೂ ಅವರಿಲ್ಲದೆ ಹೆರಲು ಮನಸ್ಸಿರಲಿಲ್ಲ.

ಅಮ್ಮ ಕೊನೆಗೆ ಅರ್ಧ ಸೋತಳು. ತಾನೇ ಬಂದು ಬಾಣಂತನ ಮಾಡುತ್ತೇನೆ, ಆದರೆ ಆ ಒಂದು ಕೋಣೆಯ ಮನೆಯಲ್ಲಿ ಮಗುವನ್ನು ಎಲ್ಲಿ ಮಲಗಿಸುತ್ತೀರಿ, ಮೊದಲು ಜಾಗ ತೋರಿಸಿ ಎಂದಳು. ಜೊತೆಗೇ ಇನ್ನೊಂದು ಕಟ್ಟಪ್ಪಣೆ: ಹುಟ್ಟುವ ಮೊದಲು ಮಗುವಿನ ಹೆಸರಿನಲ್ಲಿ ಒಂದು ನೂಲೂ ಮನೆಗೆ ಬರಕೂಡದು. ತೊಟ್ಟಿಲಂತೂ ಬೇಡವೇ ಬೇಡ, ಖಾಲಿ ತೊಟ್ಟಿಲು ಮನೆಗೆ ಒಳ್ಳೆಯದಲ್ಲ. ಅಂದರೆ ಮಗುವಿನ ಜಾಗ ತೋರಿಸಬೇಕು, ಆದರೆ ಅಲ್ಲಿ ಮಗುವಿನದ್ದೇನೂ ಇರಬಾರದು. ಅತ್ತ ದರಿ ಇತ್ತ ಪುಲಿ.

ಈ ಕಷ್ಟವನ್ನು ಚಹಾದ ಜೊತೆ ಅಂಕಲ್ ಮುಂದಿಟ್ಟೆವು. ಅವರಿಗೆ ಇದು ಕಷ್ಟವೆಂದೇ ಅನಿಸಲಿಲ್ಲ. ಹೋಟೆಲಿನಲ್ಲಿ ದಿನವೂ ಅದೇ ಕೆಲಸವಂತೆ: ರೂಮ್ ರೆಡಿ ಇರುತ್ತದೆ, ಗೆಸ್ಟ್ ಯಾರೆಂದು ಗೊತ್ತಿರುವುದಿಲ್ಲ. ಹಾಗೆನ್ನುತ್ತ ಎದ್ದು, ಮಂಚದ ಪಕ್ಕದ ಗೋಡೆಯೊಳಗಿದ್ದ ಕಪಾಟಿನ ಬಾಗಿಲು ತೆರೆದರು. ಸೂಟ್‌ಕೇಸು, ಅಕ್ಕಿಚೀಲ, ಊರಿಗೆ ಕಾರ್ಗೋ ಮಾಡಲು ಕೂಡಿಟ್ಟ ಸೋಪು, ಕಂಬಳಿ ಎಲ್ಲವೂ ಒಮ್ಮೆಲೇ ಅವರ ಕಾಲಿನ ಮೇಲೆ ಬಿದ್ದವು. ಅವರು ಕುಂಟುತ್ತಲೇ ಒಳಗೆ ಇಣುಕಿ, ‘ತ್ರೀ ನಾಟ್ ಫೋರ್ ಎ’ ಎಂದು ಅದಕ್ಕೊಂದು ನಂಬರ್ ಕೊಟ್ಟರು.

ಸಂಜೆಗಳು ಅದಕ್ಕೇ ಮೀಸಲಾದವು. ಬಟ್ಟೆ ನೇತುಹಾಕುವ ಸರಳಿಗೆ, ಮಗು ಹುಟ್ಟಿದ ಮೇಲೆ, ಸೀರೆಯ ಜೋಲಿ ಕಟ್ಟಬಹುದು ಎಂದರು ನನ್ನ ಗಂಡ. ಸರಳು ತಡೆಯುತ್ತದೆಯೇ ಎಂದು ನೋಡಲು ಅಂಕಲ್ ತಾವೇ ಅದಕ್ಕೆ ಜೋತುಬಿದ್ದರು. ಸರಳೂ ಅವರೂ ಒಟ್ಟಿಗೆ ಕೆಳಗೆ ಬಂದರು. ಮಗು ನಿಮ್ಮಷ್ಟು ಭಾರ ಇರುವುದಿಲ್ಲವಲ್ಲ ಅಂಕಲ್, ಎಂದರು ನನ್ನ ಗಂಡ, ಎತ್ತುತ್ತ.

“ಗೆಸ್ಟ್ ಎಷ್ಟು ಕಿಲೋ ಉಂಟು ಅಂತ ನಾವು ಕೇಳ್ಲಿಕ್ಕೆ ಇಲ್ಲ,” ಎಂದರು ಅವರು, ಸೊಂಟ ನೀವಿಕೊಳ್ಳುತ್ತ.

ಜೋಲಿಯ ಯೋಚನೆ ಖಲಾಸ್. ಸೊಂಟದೆತ್ತರದ ಅಗಲ ಹಲಗೆಯೊಂದನ್ನು ಉಳಿಸಿಕೊಂಡು, ಅಡಿಯಲ್ಲಿ ಆಧಾರ ಕೊಟ್ಟು, ಮುಂದೆ ಅಡ್ಡಪಟ್ಟಿ ಬಡಿದರು. ಮುಂದಿನ ಪ್ರಶ್ನೆ ಸೆಕೆ. ಇದಕ್ಕೆ ಅವರದೇ ಉಪಾಯ: ಹಲಗೆಯ ಮೇಲೆ ಒಂದು ಚಾಕೊಲೇಟ್ ಇಟ್ಟು ಹೋದರು, ಮರುದಿನ ಬಂದು ಅದೇ ತೋರುಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಬಹಳ ಬೇಸರದಿಂದ ಚಾಕೊಲೇಟನ್ನು ತಿಂದು ಮುಗಿಸಿ, ಕಪಾಟಿನ ಬಾಗಿಲನ್ನೇ ಕಳಚಿ ಮಂಚದಡಿ ತಳ್ಳಿದರು. ಏಸಿಯ ಗಾಳಿ ಒಳಗೆ ಹರಿಯಿತು. ಎರಡನೆಯ ಚಾಕೊಲೇಟ್ ಗಟ್ಟಿಯಾಗಿಯೇ ಉಳಿಯಿತು. ಅದನ್ನೂ ಅವರೇ ತಿಂದರು.

ಹಾಸಿಗೆಗೆ ಹೋಟೆಲಿನಲ್ಲಿ ಹಳತಾಯಿತೆಂದು ತೆಗೆದುಹಾಕಿದ ಬಿಳಿ ಚಾದರ, ಟವೆಲ್ ತಂದರು. ಕದ್ದದ್ದಲ್ಲ ಎಂದು ತೋರಿಸಲು ಗೇಟ್ ಪಾಸ್ ಜೇಬಿನಲ್ಲೇ ಇತ್ತು. ತಮ್ಮ ಬಾಗಿಲಿನಿಂದ ನಮ್ಮ ಬಾಗಿಲಿಗೆ ದಾಟುವಾಗಲೂ ಅದನ್ನು ಕೈಯಲ್ಲಿ ಹಿಡಿದಿದ್ದರು. ಹೋಟೆಲಿನ ವಸ್ತು ಮಗುವಿನದ್ದಲ್ಲವಾದ್ದರಿಂದ ಅಮ್ಮನ ಶಾಸ್ತ್ರಕ್ಕೆ ಭಂಗವಿಲ್ಲ ಎಂಬುದು ಅವರ ತೀರ್ಪು. ಆದರೆ ಶುರು ಮಾಡಿದ ಮೇಲೆ ನಿಲ್ಲಿಸಲು ಅವರಿಗೆ ಬರುತ್ತಿರಲಿಲ್ಲ. ಪುಟ್ಟ ಸೋಪು, ಶವರ್ ಕ್ಯಾಪ್, ಕಾಗದದ ಮುಚ್ಚಳ ಹಾಕಿದ ಗ್ಲಾಸು, ಬಿಳಿ ಚಪ್ಪಲಿ, ಶೂ ಒರೆಸುವ ಸ್ಪಂಜು ಎಲ್ಲವೂ ಸಾಲಾಗಿ ಬಂದು ಕುಳಿತವು.

ಶುಕ್ರವಾರ ಅಮ್ಮನಿಗೆ ವಿಡಿಯೋ ಕಾಲ್. ಅಂಕಲ್ ರಜೆಯ ದಿನವೂ ಯೂನಿಫಾರ್ಮ್ ಹಾಕಿಕೊಂಡು ಕಪಾಟಿನ ಪಕ್ಕ ಕೈಕಟ್ಟಿ ನಿಂತಿದ್ದರು. ಫೋನನ್ನು ಮೇಲೆ, ಕೆಳಗೆ, ಮೂಲೆಗೆ ಹಿಡಿಯುವಂತೆ ಅಮ್ಮ ಹೇಳಿದಳು. ಎಲ್ಲವನ್ನೂ ನೋಡಿ ಮುಗಿಸಿದಳು.

“ಇದು ಕಪಾಟಲ್ವಾ? ಮಗುವನ್ನು ಕಪಾಟಲ್ಲಿ ಇಡುದಾ? ಬೇಡ, ಟಿಕೆಟ್ ಮಾಡಿ ಕಳ್ಸಿ ಅವಳನ್ನು.”

ಫೋನ್ ಹಿಡಿದಿದ್ದ ನನ್ನ ಗಂಡನ ಕೈ ಇಳಿಯಿತು. ನನಗೆ ಅಳು ಬಂತು. ಆಗ ಅಂಕಲ್ ಆ ಫೋನನ್ನು ಮೆಲ್ಲಗೆ ತೆಗೆದುಕೊಂಡರು.

“ಅಮ್ಮಾ, ನಾನು ಎದುರುಮನೆಯವ. ನನ್ನ ಮಗಳು ಹುಟ್ಟುವಾಗ ನಾನು ಇಲ್ಲಿ ಯಾರ್ಯಾರದೋ ಹಾಸಿಗೆ ಹಾಸ್ತಾ ಇದ್ದೆ. ರಜೆ ಸಿಕ್ಕಿ ಊರಿಗೆ ಹೋಗುವಾಗ ಅವಳು ಓಡ್ಲಿಕ್ಕೆ, ಮಾತಾಡ್ಲಿಕ್ಕೆ ಕಲ್ತಿದ್ಳು. ಬಾಗಿಲಲ್ಲಿ ನನ್ನನ್ನು ನೋಡಿ, ಮಮ್ಮೀ, ಯಾರೋ ಅಂಕಲ್ ಬಂದಿದ್ದಾರೆ ಅಂದ್ಳು. ಈಗ ದೊಡ್ಡವಳಾಗಿದ್ದಾಳೆ. ಫೋನಲ್ಲಿ ಮರ್ಯಾದೆಯಲ್ಲೇ ಮಾತಾಡ್ತಾಳೆ, ಪಕ್ಕದ ಮನೆಯವರ ಹತ್ರ ಮಾತಾಡಿದ ಹಾಗೆ. ಜಾಗ ಸಣ್ಣದು, ಹೌದು. ಆದ್ರೆ ಅಪ್ಪ ಪಕ್ಕದಲ್ಲೇ ಇರ್ತಾನಲ್ಲ.”

ಕಪಾಟನ್ನು ಇನ್ನೊಮ್ಮೆ ತೋರಿಸಲು ಹೇಳಿದಳು ಅಮ್ಮ.

“ಆ ಚಪ್ಪಲಿ ಯಾರಿಗೆ? ಮಗುವಿಗಾ?” ಎಂದು ಕೇಳಿತು ಅಮ್ಮನ ಧ್ವನಿ.

“ಅದು ನಿಮಗೆ,” ಎಂದರು ಅಂಕಲ್.

ಅಮ್ಮ ಬಂದಳು. ಬಂದವಳು ಮೊದಲು, ಮಗುವಿನ ಕಣ್ಣಿಗೆ ಚುಚ್ಚುತ್ತದೆಂದು, ಅಂಕಲ್ ಕಪಾಟಿನೊಳಗೆ ಹಾಕಿದ್ದ ಬಲ್ಬು ತೆಗೆಸಿದಳು, ಚಾದರದ ಮೇಲೆ ತನ್ನ ಹಳೆಯ ಸೀರೆಯ ಮಡಿಕೆ ಹಾಸಿದಳು, ಚಪ್ಪಲಿಯನ್ನು ಹಾಕಿಕೊಂಡಳು. ಆ ಫೋನಿನ ಮಾತು ಕೇಳಿದ ಮೇಲೆ ಅವರನ್ನು ಅಂಕಲ್ ಎಂದು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ‘ಇವರೇ’, ‘ನೋಡಿ’ ಎಂದು ಹೇಗೋ ಸಂಭಾಳಿಸುತ್ತಿದ್ದೆ. ಅವರಿಗೆ ತಿಳಿಯದೆ ಇರುತ್ತದೆಯೇ?

“ಅಂಕಲ್ ಅಂತಲೇ ಹೇಳು ಮಗಾ, ನಂಗೆ ಅಭ್ಯಾಸ ಉಂಟು,” ಎಂದು ನಕ್ಕರು. ನಾನು ಒಳಗೆ ಹೋಗಿ ಪಾತ್ರೆ ತೊಳೆಯುವ ನೆಪ ಮಾಡಿದೆ.

ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆ ಸುತ್ತಿದ ಮಗುವನ್ನು ಮೊದಲು ಕೊಟ್ಟದ್ದು ನನ್ನ ಗಂಡನ ಕೈಗೆ. ಅವರು ಗಟ್ಟಿಯಾಗಿ ಉಸಿರಾಡಲೂ ಹೆದರಿ ನಿಂತಿದ್ದರು. ಕಪಾಟಿನ ಸಮಾಚಾರ ಹೇಳುವುದಾದರೆ, ಅಷ್ಟು ಕಷ್ಟಪಟ್ಟು ಸಿದ್ಧಮಾಡಿದ ರೂಮನ್ನು ಗೆಸ್ಟ್ ಅಷ್ಟಾಗಿ ಮೆಚ್ಚಲಿಲ್ಲ. ಹಗಲು ಕೆಲಹೊತ್ತು ಅಲ್ಲಿ, ಉಳಿದಂತೆ ಅಪ್ಪನ ಎದೆಯ ಮೇಲೆ. ಅಂಕಲ್‌ಗೆ ಇದರಿಂದ ಬೇಸರವೇನೂ ಇರಲಿಲ್ಲ. ಸಂಜೆ ಬಂದು ಬಾಗಿಲಿಲ್ಲದ ಕಪಾಟಿನ ಗೋಡೆಯನ್ನು ಮೆಲ್ಲಗೆ ತಟ್ಟಿ, “ಹೌಸ್‌ಕೀಪಿಂಗ್” ಎಂದು ಹೇಳಿಯೇ ಒಳಗೆ ಇಣುಕುತ್ತಿದ್ದರು. ಇಂಗ್ಲಿಷ್ ಬಾರದ ಅಮ್ಮ ಅದನ್ನು ಅವರ ಹೆಸರೆಂದೇ ತಿಳಿದು, ಊರಿಗೆ ಮರಳಿದ ಮೇಲೂ ಹೌಸ್‌ಕೀಪಿಂಗ್ ಚೆನ್ನಾಗಿದ್ದಾರಾ ಎಂದು ವಿಚಾರಿಸುತ್ತಿದ್ದಳು.

ಕೆಲವು ವರ್ಷಗಳ ನಂತರ ಅವರ ವೀಸಾ ಮುಗಿಯಿತು, ಊರಿಗೆ ಹೋದರು. ಮಗಳ ಜೊತೆ ಒಂದೇ ಮನೆಯಲ್ಲಿ ಇರುವುದು ಇದೇ ಮೊದಲು, ಒಬ್ಬರಿಗೊಬ್ಬರು ಈಗ ಪರಿಚಯ ಆಗುತ್ತಿದೆ ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದರು. ಆ ಪರಿಚಯ ಪೂರ್ತಿಯಾಗುವಷ್ಟು ಕಾಲ ಅವರಿಗೆ ಸಿಗಲಿಲ್ಲ.

ಅಂಕಲ್ ತೀರಿಕೊಂಡ ಸುದ್ದಿ ಬಂದಾಗ ನನ್ನ ಗಂಡ ಆಗಷ್ಟೇ ಆಫೀಸಿನಿಂದ ಬಂದಿದ್ದರು. ಫೋನ್ ಕೆಳಗಿಟ್ಟವರು ಹೋಂವರ್ಕ್ ಮಾಡುತ್ತಿದ್ದ ಮಗಳನ್ನು ಎತ್ತಿಕೊಂಡರು. ಎತ್ತಿಕೊಂಡು ಆ ಒಂದು ಕೋಣೆಯಲ್ಲೇ ಅತ್ತಿಂದಿತ್ತ ನಡೆಯತೊಡಗಿದರು. ಅವಳ ಕಾಲುಗಳು ಅವರ ಮೊಣಕಾಲಿನವರೆಗೆ ಜೋತಾಡುತ್ತಿದ್ದವು.

“ಪಪ್ಪಾ, ಪುಟ್ ಮೀ ಡೌನ್. ಐ ಆಮ್ ಟೂ ಬಿಗ್,” ಎಂದು ಅವಳು ಗೊಣಗಿದಳು.

ಅವರು ಇಳಿಸಲಿಲ್ಲ. ಇಳಿಸಿ ಎಂದು ನಾನೂ ಹೇಳಲಿಲ್ಲ.