ಹಾಸಿನ ಕೆಳಗೆ ಎಳೆದ ಗೆರೆ

ತಪ್ಪು ನಿಮ್ಮದಲ್ಲವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧವಾದ ಮೇಲೆ, ಅದನ್ನು ಸರಿಪಡಿಸುವ ಕೆಲಸ ಯಾರದು? ಉತ್ತರಿಸಲು ಅವಸರ ಬೇಡ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಈ ಪ್ರಶ್ನೆಗೆ ಬಹಳ ಅವಸರದಿಂದ ಉತ್ತರ ಕೊಟ್ಟು, ಒಂದು ಮನೆಯ ಕಸುಬಿಗೇ ಸಂಚಕಾರ ತರುವುದರಲ್ಲಿದ್ದೆ.

ಕಳೆದ ವಾರ ಮುಂಡರಗಿಯ ಹತ್ತಿರದ ಒಂದು ಶಾಲೆಗೆ ಮಾತನಾಡಲು ಹೋಗಿದ್ದೆ. ಅಂಗಳದಲ್ಲಿ ಕುಡಿಯುವ ನೀರಿನ ನಳ ಧೋ ಎಂದು ಹರಿಯುತ್ತಿತ್ತು. ಹಿರಿಯರೆನಿಸಿಕೊಂಡ ನಾವು ನಾಲ್ವರು ಅದರ ಮುಂದೆ ನಿಂತು, ಅದರ ಹೊಣೆ ಪಂಚಾಯತಿಯದೋ ಶಾಲೆಯದೋ ಎಂದು ಗಂಭೀರವಾಗಿ ವಿಚಾರ ಮಾಡಿದೆವು. ಕೊನೆಗೆ ನಾಚಿಕೆಯಾಗಿ ನಾನೇ ಹೋಗಿ ತಿರುವಿದೆ. ನೀರು ಸಿಡಿದು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಸೆರಗು ತೊಯ್ದಿತು. ಅದರಿಂದ ಹಸಿ ಗಂಜಿಯ ವಾಸನೆ ಎದ್ದಿತು. ಸ್ವಾಗತ ಭಾಷಣ ನಡೆದಷ್ಟು ಹೊತ್ತು ನಾನು ವೇದಿಕೆಯ ಮೇಲೆ ಇರಲಿಲ್ಲ. ಬೆಟಗೇರಿಯ ಒಂದು ನೇಕಾರರ ಓಣಿಯಲ್ಲಿದ್ದೆ.

ಆ ಓಣಿಗೆ ನನ್ನನ್ನು ಕಳಿಸಿದ್ದು ನನ್ನದೇ ಮಾತು. ಪದವಿಯ ಮೊದಲ ವರ್ಷ ‘ಶ್ರಮದ ಘನತೆ’ ಎಂಬ ವಿಷಯದ ಮೇಲೆ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂದಿದ್ದೆ. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದ ಅಪ್ಪ ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, “ಬಾಯಿಗೆ ಕಪ್ ಬಂತು. ಇನ್ನ ಕೈಗೇನರ ಬರ್ತೈತೇನು ನೋಡೂಣು,” ಎಂದ. ಸಿಟ್ಟಿಗೆದ್ದು, ಬೇಸಿಗೆಯ ಸೂಟಿಗೆ ಬೆಟಗೇರಿಯ ಅತ್ತೆಯ ಮನೆಗೆ ಹೋದೆ. ಅತ್ತೆ ತನ್ನ ಹಿಂದಿನ ಓಣಿಯ ಶಾಂತಕ್ಕನ ಹತ್ತಿರ ಕೆಲಸಕ್ಕೆ ಹಚ್ಚಿದಳು.

ಶಾಂತಕ್ಕನದು ಹತ್ತಿಯ ಸೀರೆ ನೇಯುವ ಮನೆ. ಗಂಡ ಬಸಣ್ಣನಿಗೆ ನಡ ಹಿಡಿದು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವುದು ಸಾಧ್ಯವಿರಲಿಲ್ಲ. ಹೆಂಗಸೊಬ್ಬಳ ಜವಾಬ್ದಾರಿಯ ಮೇಲೆ ನೂಲು ಕೊಡಲು ನೂಲಿನ ಸಾವಕಾರ ಹಿಂದೆ ಮುಂದೆ ನೋಡಿದ್ದ. ಕೊನೆಗೆ ಮಗ್ಗಕ್ಕೆ ಒಮ್ಮೆ ಏರಿಸುವಷ್ಟೇ ನೂಲು ಕೊಟ್ಟು, ಇದು ನೆಟ್ಟಗೆ ಬಂದರೆ ಮುಂದಿನದು, ಕೆಟ್ಟರೆ ನೂಲು ಬೇರೆ ಮನೆಗೆ ಹೋಗುತ್ತದೆ ಎಂದು ಹೇಳಿ ಹೋಗಿದ್ದ. ಈ ಮಾತು ಓಣಿಗೆಲ್ಲ ಗೊತ್ತಿತ್ತು. ಮೊದಲ ದಿನವೇ ನನಗೂ ಗೊತ್ತಾಯಿತು.

ಮೊದಲ ಹದಿನೈದು ದಿನ ನಾನು ಕಂಡಿಕೆ ಸುತ್ತಿದೆ. ಲಾಳಿಯೊಳಗೆ ಕೂಡುವ ಆ ಗೇಣುದ್ದದ ನೂಲಿನ ಸುರುಳಿ ನೋಡಲು ಎಷ್ಟು ಸರಳವೋ ಸುತ್ತಲು ಅಷ್ಟೇ ಹಟಮಾರಿ. ನೂಲು ಬೆರಳನ್ನು ಕೊಯ್ಯುತ್ತಿತ್ತು, ರಟ್ಟೆ ಬಿದ್ದುಹೋಗುತ್ತಿತ್ತು, ನಾನು ಸುತ್ತಿದ ಕಂಡಿಕೆಗಳು ನಡುವೆ ಹೊಟ್ಟೆ ಬಿಟ್ಟುಕೊಂಡು ಲಾಳಿಯಲ್ಲಿ ಕೂಡುತ್ತಲೇ ಇರಲಿಲ್ಲ. ಶಾಂತಕ್ಕ ಏನೂ ಅನ್ನದೆ ಅವನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಬಯ್ದಿದ್ದರೆ ಪ್ರತಿವಾದ ಹೂಡಬಹುದಿತ್ತು; ಮೌನಕ್ಕೆ ಎದುರಾಗಿ ಮಾತನಾಡುವುದನ್ನು ನಮ್ಮ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಓಣಿಯವರು ನನಗೆ ‘ಭಾಷಣದಾಕಿ’ ಎಂದು ಹೆಸರಿಟ್ಟಿದ್ದರು.

ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ನೇಯುವ ಮೊದಲು ಅವನ್ನು ಓಣಿಯ ಉದ್ದಕ್ಕೂ ಬಿಗಿಯಾಗಿ ಚಾಚಿ, ಗಂಜಿ ಹಚ್ಚಿ, ಒಂದಕ್ಕೊಂದು ಅಂಟಿಕೊಳ್ಳದಂತೆ ದೊಡ್ಡ ಕುಂಚದಿಂದ ಎಳೆಯುತ್ತ ಒಣಗಿಸಬೇಕು. ಶಾಂತಕ್ಕ ಒಂದು ಮಗ್ಗುಲಿಗೆ, ಆಕೆಯ ಮೈದುನ ಇನ್ನೊಂದು ಮಗ್ಗುಲಿಗೆ ನಿಂತು ಕುಂಚ ಎಳೆಯುತ್ತ ಸಾಗುವರು. ಉಳಿದವರು ಕಡಿದ ಎಳೆಗಳನ್ನು ಹುಡುಕಿ ಕೂಡಿಸಬೇಕು. ಕಡಿದ ಎಳೆಯನ್ನು ಹಾಗೇ ಬಿಟ್ಟರೆ ಅದು ನೆರೆಯ ಎಳೆಗಳಿಗೆ ಸುತ್ತಿಕೊಳ್ಳುತ್ತದೆ. ಗಂಜಿ ಒಣಗಿದೊಡನೆ ಅಷ್ಟೂ ಒಂದೇ ಹಗ್ಗವಾಗುತ್ತದೆ. ಆದ್ದರಿಂದಲೇ ಬಿಸಿಲೇರುವ ಮೊದಲು ಈ ಕೆಲಸ. ಓಣಿಯಲ್ಲಿ ಒಬ್ಬರ ಹಾಸು ಚಾಚಿದರೆ ಅಕ್ಕಪಕ್ಕದವರು ಕರೆಯದೆಯೇ ಬರುತ್ತಿದ್ದರು. ಹಲ್ಲುಜ್ಜುತ್ತ ಹೊರಟವನು ಕೂಡ ಕಡಿದ ಎಳೆ ಕಂಡರೆ ಕೈ ಒರೆಸಿಕೊಂಡು ಕೂಡಿಸಿ ಮುಂದೆ ಹೋಗುತ್ತಿದ್ದ.

ನನಗೆ ಇದು ಭಾರೀ ಅವ್ಯವಸ್ಥೆಯಾಗಿ ಕಂಡಿತು. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲವೆಂದು, ಶಾಂತಕ್ಕನ ಹಾಸು ಚಾಚುವ ಹಿಂದಿನ ರಾತ್ರಿಯೇ ಯೋಜನೆ ಹಾಕಿಕೊಂಡು ಬಂದು, ಹಾಸಿನ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ತಲಾ ಇಷ್ಟು ಮೊಳ. ಅವರವರ ಭಾಗಕ್ಕೆ ಅವರವರೇ ಜವಾಬ್ದಾರರು. ಯಾರ ಭಾಗದಲ್ಲಿ ಎಷ್ಟು ಎಳೆ ಕಡಿದವೆಂದು ಬರೆದಿಡಲು ನನ್ನ ಹತ್ತಿರ ಒಂದು ವಹಿ. ಶಾಂತಕ್ಕ ಗಂಜಿ ಸೋಸುತ್ತ, “ಹಾಕ್ಕೋ ಯವ್ವಾ, ರಸ್ತಾ ಯಾರಪ್ಪಂದೂ ಅಲ್ಲ,” ಎಂದು ನಕ್ಕಳು. ನಾನು ಅದನ್ನು ಅನುಮೋದನೆಯೆಂದು ತಿಳಿದೆ.

ನನ್ನ ಪಕ್ಕದ ಭಾಗ ನೆರೆಮನೆಯ ಕಮಲಾಳದು. ಕೂಸು ಎದ್ದು ಅತ್ತಿತೆಂದು ಆಕೆ ಒಳಗೆ ಹೋದಳು. ಆಗಲೇ ಗೆರೆಯಾಚೆ ನಾಲ್ಕಾರು ಎಳೆ ಕಡಿದು ಜೋತಾಡುವುದು ಕಂಡಿತು. ಕೈ ಚಾಚಿದರೆ ಸಿಗುವ ದೂರ. ಆದರೆ ನಾನು ಕೂಡಿಸಿದರೆ ಮೊದಲ ದಿನವೇ ವ್ಯವಸ್ಥೆ ಮುರಿಯುತ್ತದಲ್ಲ! ಒಮ್ಮೆ ಕಮಲಾಳ ಹೆಸರು ಹಿಡಿದು ಕೂಗಿದೆ. ಆಮೇಲೆ ವಹಿ ತೆರೆದು ಬರೆದುಕೊಂಡೆ. ಗಾಳಿ ಬೀಸಿತು. ಬರೆದು ತಲೆಯೆತ್ತುವಷ್ಟರಲ್ಲಿ ಎರಡು ಮೊಳದಷ್ಟು ಹಾಸು ಚಾಪೆಯಂತೆ ಅಂಟಿಕೊಂಡಿತ್ತು.

ಶಾಂತಕ್ಕ ಓಡಿಬಂದಳು. ಅದು ಕಮಲಾಳ ಭಾಗವೆಂದು ನಾನು ಗೆರೆ ತೋರಿಸಿದೆ. ಆಕೆ ಗೆರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ನಿನ್ನ ಗೆರಿ ಎಳಿಗೆ ಗೊತ್ತೈತೇನವ್ವಾ?”

ಅಷ್ಟೇ ಅಂದು, ಅಂಟಿದ ಜಾಗಕ್ಕೆ ನೀರು ಚಿಮುಕಿಸಿ ಬೆರಳಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ನಾವೂ ಕೂತೆವು. ಎಂಟು ಗಂಟೆಗೆ ಮುಗಿಯಬೇಕಾದ ಕೆಲಸ ಮಧ್ಯಾಹ್ನ ದಾಟಿತು. ಬಿಡಿಸಿದ ಜಾಗಕ್ಕೆ ಮತ್ತೆ ಗಂಜಿ ಹಚ್ಚಿ ಕುಂಚ ಎಳೆಯುವ ಹೊತ್ತಿಗೆ ಕಪ್ಪತಗುಡ್ಡದ ಕಡೆಯಿಂದ ಮೋಡ ಏರಿತು. ಹಾಸು ಸುತ್ತಿಡುವಂತಿರಲಿಲ್ಲ, ಆ ಜಾಗ ಹಸಿಯಿದ್ದುದರಿಂದ ಮತ್ತೆ ಅಂಟುತ್ತಿತ್ತು. ಬಿಟ್ಟರೆ ಮಳೆಗೆ ಗಂಜಿ ತೊಳೆದುಹೋಗಿ ನೂಲು ಹಾಳಾಗುತ್ತಿತ್ತು. ಬಸಣ್ಣ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದು ನಿಂತ.

ನಾನು ಓಡಿದೆ. ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ವ್ಯಾಪಾರಸ್ಥರ ಮಗಳಾದ ನನಗೆ ಒಂದು ಸಂಗತಿ ಗೊತ್ತಿತ್ತು: ದಲಾಲಿ ಅಂಗಡಿ ಇದ್ದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಮುಚ್ಚುವ ತಾಡಪತ್ರಿ ಇದ್ದೇ ಇರುತ್ತದೆ. ಓಣಿಯ ತಿರುವಿನಲ್ಲಿ ಅಂಥದೊಂದು ಅಂಗಡಿಯಿತ್ತು. ಅದರ ಮುದುಕ ಮಾಲಕನ ಮುಂದೆ ನಿಂತಾಗ ಪೀಠಿಕೆ, ಪ್ರತಿಪಾದನೆ, ಉಪಸಂಹಾರ ಎಲ್ಲ ಮರೆತುಹೋದವು. “ಕಾಕಾ, ತಾಡಪತ್ರಿ ಕೊಡ್ರಿ, ಶಾಂತಕ್ಕನ ಹಾಸು ತೊಯ್ತೈತಿ,” ಎಂದೆ. ನನ್ನ ಜೀವಮಾನದ ಅತ್ಯುತ್ತಮ ಭಾಷಣ ಅದು. ಆತ ಮೂರು ತಾಡಪತ್ರಿ ಕೊಟ್ಟು, ಅವನ್ನು ಹೊರಲು ಇಬ್ಬರು ಹಮಾಲರನ್ನೂ ಹಿಂದೆ ಕಳಿಸಿದ.

ಹನಿ ಬೀಳುವುದಕ್ಕೂ ನಾವು ಮುಟ್ಟುವುದಕ್ಕೂ ಸರಿಹೋಯಿತು. ಕದಗಳು ತೆರೆದವು. ಹತ್ತಿಪ್ಪತ್ತು ಜನ ಹಾಸಿನ ಎರಡೂ ಮಗ್ಗುಲಿಗೆ ನಿಂತು ತಾಡಪತ್ರಿಗಳನ್ನು ತಲೆಯ ಮೇಲೆ ಎತ್ತಿ ಹಿಡಿದರು. ಕೆಳಗೆ, ಆ ನೀಲಿ ಕತ್ತಲಲ್ಲಿ, ಶಾಂತಕ್ಕ ಮತ್ತು ಮೈದುನ ಬಾಗಿ ಕುಂಚ ಎಳೆಯುತ್ತಲೇ ಇದ್ದರು. ಒಬ್ಬರ ತೋಳು ಸೋತರೆ ಪಕ್ಕದವರು ಅರ್ಧ ಹೆಜ್ಜೆ ಸರಿದು ಆ ಅಂಚನ್ನೂ ಹಿಡಿಯುವರು. “ಭಾಷಣದಾಕಿ, ಈಗರ ಒಂದ್ ನಾಕ್ ಮಾತಾಡು, ಕೈ ನೋಯೂದು ಮರೀತೇವಿ,” ಎಂದು ಯಾರೋ ಚೇಷ್ಟೆ ಮಾಡಿದರು. ನಾನು ತಾಡಪತ್ರಿಯ ಅಂಚನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದೆ. ಬೆನ್ನ ಮೇಲೆ ನೀರು ಸುರಿಯುತ್ತಿತ್ತು. ಹಾಸಿನ ಮೇಲೆ ಸುರಿಯುತ್ತಿರಲಿಲ್ಲ. ಅದಷ್ಟೇ ಸಾಕಾಗಿತ್ತು.

ಅಡ್ಡಮಳೆ ಬಂದಷ್ಟೇ ಬೇಗ ಹೋಯಿತು. ಹಾಸು ಒಣಗಿತು, ಎಳೆ ಎಳೆಯಾಗಿ ಉಳಿಯಿತು. ಶಾಂತಕ್ಕ ಕಟ್ಟೆಯ ಮೇಲೆ ಕೂತು ಉದ್ದಕ್ಕೆ ಉಸಿರು ಬಿಟ್ಟಳು. ಆ ಉಸಿರಿನೊಡನೆ ಇಡೀ ಓಣಿಯೇ ಹಗುರಾದಂತೆನಿಸಿತು. ಎಲ್ಲರೂ ಚಹಾ ಕುಡಿದು ಹೋದ ಮೇಲೆ ನಾನು ಹತ್ತಿರ ಹೋಗಿ, ಎಳೆ ಕಡಿದದ್ದನ್ನು ನೋಡಿಯೂ ಸುಮ್ಮನಿದ್ದೆನೆಂದು ಒಪ್ಪಿಕೊಂಡೆ.

“ಗೊತ್ತೈತಿ. ಬರ್ಕೊಳ್ಳಾಕತ್ತಿದ್ದಿ, ದೂರಿಂದ ನೋಡೀನಿ.”

“ಮತ್ತ ನೀವ ಯಾಕ ಬರ್ಲಿಲ್ರಿ ಅಕ್ಕಾ?”

“ನನ್ನ ಕೈಯಾಗ ಕುಂಚ ಇತ್ತು. ನಿನ್ನ ಕೈಯಾಗ ಏನಿತ್ತು?”

ಇದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಮರುದಿನ ಬೆಳಗಿನಿಂದ ನನ್ನ ಕೈಯಲ್ಲಿ ವಹಿ ಇರಲಿಲ್ಲ.

ಸೂಟಿ ಮುಗಿಯುವ ಹೊತ್ತಿಗೆ ಸಾವಕಾರ ಬಂದ. ಸೀರೆಯನ್ನು ಬಿಸಿಲಿಗೆ ಹಿಡಿದ, ಅಂಚು ಸವರಿದ, ಒಂದೆಡೆ ಬೆರಳು ನಿಲ್ಲಿಸಿ ಇಲ್ಲಿ ಗಂಜಿ ಯಾಕೆ ದಪ್ಪವಾಗಿದೆ ಎಂದು ಕೇಳಿದ. ಅದು ಮಳೆ ಬಂದ ದಿನದ್ದೆಂದಳು ಶಾಂತಕ್ಕ. ನನ್ನ ಕಡೆ ನೋಡಲೂ ಇಲ್ಲ. ಆತ ಸೀರೆ ಮಡಚಿಟ್ಟು, ಗಾಡಿಯಿಂದ ಹೊಸ ನೂಲಿನ ಕಟ್ಟು ಇಳಿಸಿ ಕಟ್ಟೆಯ ಮೇಲಿಟ್ಟ. ಹದಿನೈದು ದಿನದಿಂದ ನನ್ನೆದೆಯಲ್ಲಿ ಕೂತಿದ್ದ ಭಾರವೂ ಅದರೊಡನೆ ಇಳಿಯಿತು. ಯಾರೂ ಹೇಳುವ ಮೊದಲೇ ಕಟ್ಟನ್ನೆತ್ತಿ ಒಳಗೆ ಇಟ್ಟೆ.

ಆಮೇಲಿನ ವರ್ಷಗಳಲ್ಲಿ ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಹೆಂಗಸರ ಸಂಘಗಳನ್ನು ಕಟ್ಟುವ ಕೆಲಸದಲ್ಲಿ ನಾನು ಎಷ್ಟೋ ಕರ್ತವ್ಯಪಟ್ಟಿಗಳನ್ನು ಬರೆದಿದ್ದೇನೆ. ಹೊಣೆಗಳನ್ನು ಹಂಚಬೇಕೆಂಬ ನನ್ನ ವಾದವನ್ನು ಇಂದಿಗೂ ಬಿಟ್ಟಿಲ್ಲ. ಹಂಚದಿದ್ದರೆ ಭಾರವೆಲ್ಲ ಬಡವರ, ಬಾಯಿಲ್ಲದವರ ಮೇಲೆ ಬೀಳುತ್ತದೆ. ಆದರೆ ಹಂಚಿಕೆ ಕೆಲಸದ ಆರಂಭ ಮಾತ್ರ. ಅದನ್ನು ಬೇಲಿ ಮಾಡಿಕೊಂಡವನು ತನ್ನ ಪಾಲನ್ನು ಚೊಕ್ಕವಾಗಿ ಉಳಿಸಿಕೊಂಡು ಊರನ್ನು ಕಳೆದುಕೊಳ್ಳುತ್ತಾನೆ. ಇದನ್ನು ನಾನು ಗ್ರಂಥಾಲಯದಲ್ಲಿ ಕಲಿಯಲಿಲ್ಲ, ಕಲಿಯುವುದು ಸಾಧ್ಯವೂ ಇರಲಿಲ್ಲ. ನಾನು ಮಾಡಿದ ತಪ್ಪಿನಿಂದ ಇನ್ನೊಬ್ಬರ ಅನ್ನ ಅಲುಗಾಡಿದ್ದನ್ನು ಕಣ್ಣಾರೆ ಕಂಡು, ಅದೇ ಜನರ ನಡುವೆ ತೋಳೆತ್ತಿ ನಿಂತು ಕಲಿಯಬೇಕಾಯಿತು.

ಮುಂಡರಗಿಯ ಆ ಶಾಲೆಯಲ್ಲಿ ಬರೆದುಕೊಂಡು ಹೋಗಿದ್ದ ಭಾಷಣವನ್ನು ಚೀಲದಲ್ಲಿಯೇ ಬಿಟ್ಟು ಮಕ್ಕಳಿಗೆ ಇದನ್ನೇ ಹೇಳಿದೆ. ನಿಮ್ಮನ್ನು ಕೇಳಿಕೊಳ್ಳುವುದೂ ಒಂದೇ. ಬರುವ ಬೇಸಿಗೆಯ ಸೂಟಿಯಲ್ಲಿ, ನಿಮ್ಮ ಮನೆಯ ಕಾಲೇಜು ಓದುವ ಮಗಳನ್ನೋ ಮಗನನ್ನೋ ನಿಮ್ಮೂರಿನ ಯಾರಾದರೊಬ್ಬ ಕಸುಬುದಾರರ ಹತ್ತಿರ ಒಂದು ತಿಂಗಳು ಕೆಲಸಕ್ಕೆ ಕಳಿಸಿರಿ.